ನೀಳಕೋವಿಯ ಬಳೆ: ಮೂಲವೋ ಪ್ರಕ್ಷಿಪ್ತವೋ?

ಹಳೆಯ ಕೋವಿಯ ನಳಿಗೆಯಡಿಯಲ್ಲಿ ತೂಗುವ ಒಂದು ಕಬ್ಬಿಣದ ಬಳೆ ಸಂಶೋಧಕನನ್ನು ದಾರಿ ತಪ್ಪಿಸಬಲ್ಲದು. ಹೆಗಲಪಟ್ಟಿಯನ್ನು ಪೋಣಿಸಲು ಇರುವ, ಅತ್ತಿತ್ತ ತಿರುಗುವ ಈ ಬಳೆಗೆ ಸ್ಲಿಂಗ್ ಸ್ವಿವೆಲ್ ಎಂದು ಹೆಸರು. ಅದನ್ನು ಕಂಡೊಡನೆ ‘ಇದು ಸೈನಿಕನ ಆಯುಧ’ ಎಂದು ತೀರ್ಮಾನಿಸುವ ಆಸೆ ಸಹಜವೇ. ಬ್ರಿಟಿಷ್ ಕಾಲಾಳುಗಳ ಬ್ರೌನ್ ಬೆಸ್ ಮಸ್ಕೆಟ್ಟಿಗೂ 1800ರ ಸುಮಾರಿಗೆ ಬಂದ ಬೇಕರ್ ರೈಫಲ್ಲಿಗೂ ಇಂಥ ಬಳೆಗಳಿದ್ದವು.

ಪೆನ್ಸಿಲ್ವೇನಿಯದ ನೀಳಕೋವಿಯ ಕಥೆ ಬೇರೆ. 18ನೆಯ ಶತಮಾನದಲ್ಲಿ ಲ್ಯಾಂಕಾಸ್ಟರ್ ಸುತ್ತ ನೆಲೆಸಿದ ಜರ್ಮನ್ ಮತ್ತು ಸ್ವಿಸ್ ಮೂಲದ ಕಮ್ಮಾರರು ಅದನ್ನು ರೂಪಿಸಿದರು. ಅದರ ಪೂರ್ವಜವಾದ ಗಿಡ್ಡ ಯೇಗರ್ ರೈಫಲ್ಲಿನಲ್ಲಿ ಪಟ್ಟಿಯ ಬಳೆ ಅಪರೂಪವಲ್ಲ. ಸಂತಾನದಲ್ಲಿ ಅದು ಬಹುಮಟ್ಟಿಗೆ ಕಾಣೆಯಾಗಿದೆ. ಕಾಡಿನ ಬೇಟೆಗಾರನಿಗೆ ಕೋವಿ ಹೆಗಲಿಗಿಂತ ಕೈಯಲ್ಲಿರುವುದೇ ಲೇಸು ಎಂಬುದು ಒಂದು ಸಮಾಧಾನ. ಕೋವಿಯ ಕಟ್ಟಡವೂ ಬಳೆಗೆ ಒಲಿಯುವಂಥದ್ದಲ್ಲ. ನಳಿಗೆ ಅನೇಕ ವೇಳೆ 40 ಅಂಗುಲಕ್ಕೂ ಮಿಕ್ಕಿದ್ದು. ಅದನ್ನು ಹೊತ್ತ ಮೇಪಲ್ ಮರದ ಮುಂಗೈ ಬಹಳ ತೆಳು. ಮದ್ದು ಗಿಡಿಯುವ ಗಜದ ಕಾಲುವೆ ಬೇರೆ ಅದರೊಳಗೇ ಹಾಯುತ್ತದೆ. ಮುಂದಿನ ಬಳೆಯ ತಿರುಪು ನಳಿಗೆಗೂ ಗಜಕ್ಕೂ ನಡುವಿನ ಕಿರಿದಾದ ಮರದಲ್ಲಿ ಅಡ್ಡಲಾಗಿ ತೂರಬೇಕು. ಅದಕ್ಕೆ ಆಧಾರವಾಗಿ ನಳಿಗೆಯ ತಳದಲ್ಲಿ ಕಚ್ಚು ಕೊರೆದು ಲೋಹದ ಕಿವಿಯೊಂದನ್ನು ಕೂರಿಸಬೇಕು. ಕಚ್ಚು ಆಳವಾದರೆ ನಳಿಗೆಯ ಬಲ ಕುಗ್ಗುತ್ತದೆ. ರಂಧ್ರ ಕೂದಲೆಳೆಯಷ್ಟು ಕೆಳಗಿಳಿದರೆ ಗಜ ಸಿಕ್ಕಿಕೊಳ್ಳುತ್ತದೆ. ಹಿಂದಿನ ಬಳೆಯದು ಅಷ್ಟು ಕಷ್ಟವಲ್ಲ.

ಆದುದರಿಂದ ನೀಳಕೋವಿಯಲ್ಲಿ ಬಳೆ ಕಂಡರೆ, ಹಸ್ತಪ್ರತಿಯ ಅಂಚಿನಲ್ಲಿ ಬೇರೊಂದು ಕೈಬರಹ ಕಂಡ ಸಂಪಾದಕನಂತೆ ನಿಲ್ಲಬೇಕಾಗುತ್ತದೆ. ಇದು ಮೂಲವೋ ಪ್ರಕ್ಷಿಪ್ತವೋ? ಬಹುಕಾಲ ಬಳಸಿದ ಬಳೆ ಮರವನ್ನು ಉಜ್ಜಿ ಕಮಾನಿನಾಕಾರದ ಸವೆತ ಬಿಟ್ಟಿರುತ್ತದೆ. ರಂಧ್ರದೊಳಗಿನ ಮರ ಹೊರಮೈಗಿಂತ ಬೆಳ್ಳಗಿದ್ದರೆ, ತಿರುಪಿನ ಎಳೆಗಳು ಯಂತ್ರದಲ್ಲಿ ಕಡೆದಂತೆ ಒಂದೇ ಸಮನಾಗಿದ್ದರೆ ಅನುಮಾನ ಬಲಿಯುತ್ತದೆ. ಬಳೆ ಮೂಲದ್ದೇ ಎಂದು ಸಿದ್ಧವಾದರೂ ಒಡೆಯ ಸೈನಿಕನೇ ಎಂದಾಗದು. 1775ರ ಜೂನ್ 14ರಂದು ಅಮೆರಿಕದ ಕಾಂಗ್ರೆಸ್ಸು ಪೆನ್ಸಿಲ್ವೇನಿಯ, ಮೇರಿಲ್ಯಾಂಡ್, ವರ್ಜೀನಿಯಗಳಿಂದ ರೈಫಲ್ ದಳಗಳನ್ನು ಕಟ್ಟಲು ನಿರ್ಣಯಿಸಿತು. ಬೇಟೆಯ ಕೋವಿಯೇ ಆಗ ಯುದ್ಧದ ಕೋವಿಯಾಯಿತು. ಬಳೆ ಇಲ್ಲದ ಕೋವಿ ಹಿಡಿದವನೂ ರಣರಂಗ ಕಂಡಿರಬಹುದು.

ಇಂದು ಹಳೆಯ ಕೋವಿಗೆ ಅನುಕೂಲಕ್ಕೆಂದು ಬಳೆ ಕೂರಿಸುವವರು ಈ ಸಾಕ್ಷ್ಯವನ್ನೇ ಕಲಕುತ್ತಾರೆ. ಕೊರೆದ ಮರ ಮತ್ತೆ ಕೂಡದು. ಹೊರಲೇಬೇಕೆಂದಿದ್ದರೆ ಮುಂಗೈಗೂ ಹಿಡಿಗೂ ಸುತ್ತಿ ಕಟ್ಟುವ ತೊಗಲಿನ ಪಟ್ಟಿ ಸಾಕು. ಬೇಡವಾದಾಗ ಅದನ್ನು ಬಿಚ್ಚಿಡಬಹುದು.