ತೆಂಗು ಮತ್ತು ಅಡಿಕೆ ಮರ ಹತ್ತುವ ಸಾಧನಗಳ ಜೋಡಣೆ ಹಾಗೂ ಸುರಕ್ಷಿತ ಬಳಕೆ

ಪೀಠಿಕೆ

ತೆಂಗು ಮತ್ತು ಅಡಿಕೆ ಕವಲೊಡೆಯದ ಮರಗಳು. ನಡುವೆ ಹಿಡಿಯಲು ರೆಂಬೆಯಿಲ್ಲ, ನಿಲ್ಲಲು ಕವಲಿಲ್ಲ, ಫಸಲೆಲ್ಲವೂ ತುದಿಯಲ್ಲಿಯೇ. ಎತ್ತರದ ತಳಿಯ ತೆಂಗು 15ರಿಂದ 20 ಮೀಟರ್‌ವರೆಗೆ ಬೆಳೆಯುತ್ತದೆ ಮತ್ತು ಸಾಮಾನ್ಯವಾಗಿ 45ರಿಂದ 60 ದಿನಗಳಿಗೊಮ್ಮೆ ಕೊಯ್ಲಿಗೆ ಬರುತ್ತದೆ. ಅಡಿಕೆಯಲ್ಲಿ ಕೊನೆ ಕೊಯ್ಲಿನ ಜೊತೆಗೆ, ಕೊಳೆರೋಗದ ನಿಯಂತ್ರಣಕ್ಕಾಗಿ ಮುಂಗಾರಿಗೆ ಮುನ್ನ ಒಮ್ಮೆ ಹಾಗೂ ಅನಂತರ 40ರಿಂದ 45 ದಿನಗಳಿಗೊಮ್ಮೆ ಶೇ 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕಾಗುತ್ತದೆ.

ಹತ್ತು ಮೀಟರ್ ಎತ್ತರದಿಂದ ಜಾರಿದ ವ್ಯಕ್ತಿ ಒಂದೂವರೆ ಸೆಕೆಂಡಿನೊಳಗೆ ನೆಲ ಮುಟ್ಟುತ್ತಾನೆ. ಆ ಹೊತ್ತಿಗೆ ಅವನ ವೇಗ ಗಂಟೆಗೆ ಸುಮಾರು 50 ಕಿ.ಮೀ. ಆಗಿರುತ್ತದೆ. ಅಷ್ಟರಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುವ ಅವಕಾಶ ಯಾರಿಗೂ ಇರುವುದಿಲ್ಲ. ಬದುಕಿ ಉಳಿದರೂ ಬೆನ್ನುಹುರಿಗೆ ಪೆಟ್ಟಾದರೆ, ದುಡಿಯುವ ಒಬ್ಬನ ಜೊತೆಗೆ ಇಡೀ ಕುಟುಂಬವೇ ನೆಲ ಹಿಡಿಯುತ್ತದೆ. ಆದ್ದರಿಂದ ಸುರಕ್ಷತೆಯ ಏರ್ಪಾಡೆಲ್ಲವೂ ಮರ ಹತ್ತುವ ಮೊದಲೇ, ನೆಲದ ಮೇಲೆಯೇ ಮುಗಿದಿರಬೇಕು.

ಬಳಕೆಯಲ್ಲಿರುವ ಸಾಧನಗಳು

1. ನಿಂತು ಹತ್ತುವ ಸಾಧನ: ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯಲ್ಲಿ ರೂಪುಗೊಂಡ ಮಾದರಿ ನಮ್ಮಲ್ಲಿಯೂ ಪ್ರಚಲಿತವಾಗಿದೆ. ಇದರಲ್ಲಿ ಎಡಗಾಲಿಗೊಂದು, ಬಲಗಾಲಿಗೊಂದು ಎಂಬಂತೆ ಎರಡು ಬಿಡಿ ಚೌಕಟ್ಟುಗಳಿರುತ್ತವೆ. ಪ್ರತಿಯೊಂದರಲ್ಲಿಯೂ ಕೈಹಿಡಿ, ಪಾದ ಇಡುವ ತಟ್ಟೆ ಮತ್ತು ಕಾಂಡವನ್ನು ಸುತ್ತುವ ಉಕ್ಕಿನ ತಂತಿಹಗ್ಗದ ಕುಣಿಕೆ ಇರುತ್ತವೆ. ಪಾದದ ಮೇಲೆ ಭಾರ ಬಿಟ್ಟಾಗ ಕುಣಿಕೆ ಕಾಂಡವನ್ನು ಬಿಗಿಯಾಗಿ ಹಿಡಿಯುತ್ತದೆ. ಭಾರ ತೆಗೆದು ಎತ್ತಿದಾಗ ಸಡಿಲಗೊಂಡು ಮೇಲೆ ಸರಿಯುತ್ತದೆ.

2. ಕುಳಿತು ಹತ್ತುವ ಸಾಧನ: ಆಸನವಿರುವ ಮೇಲಿನ ಚೌಕಟ್ಟು ಮತ್ತು ಪಾದಗಳನ್ನು ಸಿಕ್ಕಿಸುವ ಕೆಳಗಿನ ಚೌಕಟ್ಟು ಇದರ ಭಾಗಗಳು. ಕುಳಿತಾಗ ಕೆಳಗಿನದನ್ನು, ಎದ್ದು ನಿಂತಾಗ ಮೇಲಿನದನ್ನು ಸರಿಸುತ್ತ ಏರಬೇಕು. ವೇಗ ಕಡಿಮೆ, ಆದರೆ ಹೊಸದಾಗಿ ಕಲಿಯುವವರಿಗೆ ಅನುಕೂಲಕರ.

3. ಮೋಟಾರು ಚಾಲಿತ ಸಾಧನ: ಅಡಿಕೆ ತೋಟಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಬಳಕೆಗೆ ಬಂದಿದೆ. ಏರುವ ಶ್ರಮವನ್ನು ಎಂಜಿನ್ ಕಡಿಮೆ ಮಾಡುತ್ತದೆಯೇ ಹೊರತು ಬೀಳುವ ಅಪಾಯವನ್ನಲ್ಲ. ಸಾಧನದ ಬ್ರೇಕನ್ನು ಪ್ರತಿದಿನವೂ ಒಂದು ಮೀಟರಿಗಿಂತ ಕಡಿಮೆ ಎತ್ತರದಲ್ಲಿ ಪರೀಕ್ಷಿಸಬೇಕು.

ತೆಂಗಿಗೆಂದು ತಯಾರಾದ ಸಾಧನವನ್ನು ಅಡಿಕೆ ಮರಕ್ಕೆ ಬಳಸಬಾರದು. ಸಣ್ಣ ಕಾಂಡದ ಮೇಲೆ ಅದರ ಕುಣಿಕೆ ಪೂರ್ತಿಯಾಗಿ ಬಿಗಿಯುವುದಿಲ್ಲ. ತಯಾರಕರು ನಮೂದಿಸಿದ ತೂಕದ ಮಿತಿಯನ್ನು ಮೀರಬಾರದು. ಈ ಲೆಕ್ಕದಲ್ಲಿ ಹತ್ತುವವರ ತೂಕದ ಜೊತೆಗೆ ಮಚ್ಚು, ಹಗ್ಗ, ಸಿಂಪರಣಾ ಗನ್ನು ಮತ್ತು ನೀರು ತುಂಬಿದ ಪೈಪಿನ ಎಳೆತವೂ ಸೇರಬೇಕು.

ಮರದ ಪರಿಶೀಲನೆ

ಸಾಧನ ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಹೊರುವುದು ಮರವೇ. ಆದ್ದರಿಂದ ಪ್ರತಿ ಮರವನ್ನೂ ಬುಡದಿಂದ ಸುಳಿಯವರೆಗೆ ಒಮ್ಮೆ ಸುತ್ತು ಬಂದು ನೋಡಿ.

• ಕಾಂಡದಲ್ಲಿ ರಂಧ್ರ, ಕಂದು ಬಣ್ಣದ ರಸ ಅಥವಾ ಅಗಿದ ನಾರು ಕಂಡುಬಂದರೆ ಕೆಂಪು ಮೂತಿ ಹುಳು ಒಳಗನ್ನು ತಿಂದಿರುವ ಸಂಭವವಿದೆ. ಬುಡದಲ್ಲಿ ಅಣಬೆ ಮೂಡಿದ್ದರೆ ಅಣಬೆ ರೋಗದಿಂದ ಬೇರು ಮತ್ತು ಬುಡ ಕೊಳೆತಿರಬಹುದು. ಇಂತಹ ಮರಗಳನ್ನು ಹತ್ತಬಾರದು.
• ಕಾಂಡವನ್ನು ಮರದ ತುಂಡಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಆ ಮರವನ್ನು ಬಿಡಿ.
• ಸಿಡಿಲು ಬಡಿದ, ಸುಳಿ ಸತ್ತ, ಬುಡದ ಮಣ್ಣು ಕೊಚ್ಚಿಹೋಗಿ ವಾಲಿರುವ ಮರಗಳನ್ನು ಕೈಬಿಡಿ.
• ಕಣಜದ ಗೂಡು, ಹೆಜ್ಜೇನು, ಕೆಂಪಿರುವೆ ಇವೆಯೇ ಎಂದು ನೋಡಿ. ಮೇಲೆ ಕಚ್ಚಿಸಿಕೊಂಡವರು ತಮಗರಿವಿಲ್ಲದೆಯೇ ಕೈಬಿಡುತ್ತಾರೆ.
• ಮಳೆಯಲ್ಲಿ ನೆನೆದ ಅಥವಾ ಪಾಚಿ ಕಟ್ಟಿದ ಕಾಂಡದ ಮೇಲೆ ಕುಣಿಕೆ ಜಾರುತ್ತದೆ. ಕಾಂಡ ಒಣಗುವವರೆಗೆ ಕಾಯಿರಿ. ಗಾಳಿ ಜೋರಾಗಿದ್ದಾಗ, ಗುಡುಗು ಕೇಳಿಸಿದಾಗ ಹತ್ತಬೇಡಿ.

ಹತ್ತಬಾರದ ಮರಗಳಿಗೆ ಸುಣ್ಣದಿಂದಲೋ ಬಣ್ಣದಿಂದಲೋ ಗುರುತು ಹಾಕಿಡಿ. ಮರ ಹತ್ತುವವರು ಬೇರೆ ಊರಿನವರಾಗಿದ್ದಾಗ, ತೋಟದ ಮಾಲೀಕರಿಗೆ ತಿಳಿದಿರುವ ದೋಷ ಅವರಿಗೆ ತಿಳಿದಿರುವುದಿಲ್ಲ.

ವಿದ್ಯುತ್ ತಂತಿ ಮತ್ತು ದೋಟಿ

ತಂತಿಯ ಹತ್ತಿರವಿರುವ ಮರದಲ್ಲಿ ಹಸಿ ಗರಿಯೊಂದು ತಂತಿಗೆ ತಗುಲಿದರೂ ಸಾಕು, ಮರದ ಮೇಲಿರುವವರಿಗೆ ವಿದ್ಯುತ್ ಹರಿಯುತ್ತದೆ. ಮರದ ಗರಿಯಾಗಲಿ, ಕತ್ತರಿಸಿದಾಗ ಬೀಳುವ ಗೊನೆಯಾಗಲಿ ತಂತಿಯನ್ನು ಮುಟ್ಟುವಂತಿದ್ದರೆ, ವಿದ್ಯುತ್ ಸರಬರಾಜು ಕಂಪನಿಯ ಸ್ಥಳೀಯ ಕಚೇರಿಗೆ ಮೊದಲೇ ತಿಳಿಸಿ, ಸಿಬ್ಬಂದಿಯಿಂದಲೇ ಸಂಪರ್ಕ ಕಡಿತಗೊಳಿಸಿದ ನಂತರ ಕೆಲಸ ಆರಂಭಿಸಿ. ಸಹಾಯವಾಣಿ ಸಂಖ್ಯೆ 1912. ‘ಈಗ ಕರೆಂಟಿಲ್ಲ’ ಎಂಬ ಊಹೆಯ ಮೇಲೆ ಹತ್ತಬೇಡಿ. ಹೋದ ಕರೆಂಟು ಯಾವ ಗಳಿಗೆಯಲ್ಲಿಯೂ ಮರಳಬಹುದು.

ನೆಲದಲ್ಲಿ ನಿಂತು ದೋಟಿಯಿಂದ ಕೊಯ್ಯುವುದು ಹತ್ತುವುದಕ್ಕಿಂತ ಸುರಕ್ಷಿತವೆಂಬುದು ನಿಜ. ಆದರೆ ಅಲ್ಯೂಮಿನಿಯಂ ದೋಟಿಯಂತೆ ಕಾರ್ಬನ್ ಫೈಬರ್ ದೋಟಿಯೂ ವಿದ್ಯುತ್ ವಾಹಕವೇ. ಅದು ಲೋಹವಲ್ಲವಾದ್ದರಿಂದ ಅಪಾಯವಿಲ್ಲವೆಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಒದ್ದೆಯಾದ ಬಿದಿರಿನ ಗಳುವೂ ಇದಕ್ಕೆ ಹೊರತಲ್ಲ. ದೋಟಿಯನ್ನು ಪೂರ್ತಿ ಚಾಚಿದರೆ, ಅಥವಾ ಕೈತಪ್ಪಿ ಯಾವುದೇ ಕಡೆಗೆ ವಾಲಿದರೆ ತಂತಿಗೆ ತಗುಲುವಂತಹ ಜಾಗದಲ್ಲಿ ಅದನ್ನು ಎತ್ತಲೇಬಾರದು.

ಸಾಧನ ಮತ್ತು ರಕ್ಷಣಾ ಪರಿಕರಗಳ ಪರಿಶೀಲನೆ

1. ತಂತಿಹಗ್ಗದ ಎಳೆಗಳು ತುಂಡಾಗಿದ್ದರೆ, ತುಕ್ಕು ಹಿಡಿದಿದ್ದರೆ ಅಥವಾ ಹಗ್ಗ ಮಡಚಿ ಮುರುಟಿದ್ದರೆ ಇಡೀ ಹಗ್ಗವನ್ನೇ ಬದಲಿಸಬೇಕು. ಗಂಟು ಹಾಕುವುದು, ಬೆಸುಗೆ ಹಾಕಿಸುವುದು ಸಲ್ಲದು.
2. ಹಗ್ಗದ ತುದಿಯಲ್ಲಿರುವ ಕ್ಲಾಂಪ್‌ಗಳಲ್ಲಿ, ಭಾರ ಹೊರುವ ಎಳೆಯ ಮೇಲೆ ತಳದ ಅಚ್ಚೂ, ಮಡಚಿದ ಕಿರುತುದಿಯ ಮೇಲೆ ಬಾಗಿದ ಬೋಲ್ಟೂ ಕೂರಬೇಕು. ತಿರುಗುಮುರುಗಾದರೆ ಭಾರ ಹೊರುವ ಎಳೆಯೇ ಜಜ್ಜಿಹೋಗುತ್ತದೆ.
3. ಕಾಂಡಕ್ಕೆ ಒತ್ತುವ ರಬ್ಬರ್ ಸವೆದಿದ್ದರೆ ಬದಲಿಸಿ. ಅದಕ್ಕೆ ಎಣ್ಣೆ, ಗ್ರೀಸು ತಾಗದಂತೆ ನೋಡಿಕೊಳ್ಳಿ. ನಟ್ಟು ಬೋಲ್ಟುಗಳನ್ನು ಪ್ರತಿದಿನ ಬಿಗಿಗೊಳಿಸಿ. ಬೆಸುಗೆಗಳಲ್ಲಿ ಬಿರುಕಿದೆಯೇ ಎಂದು ನೋಡಿ.
4. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಬೀಳುವಾಗ ಹೊಟ್ಟೆಗೂ ಬೆನ್ನಿಗೂ ಪೆಟ್ಟು ಮಾಡಬಲ್ಲದು. ಭುಜ, ಎದೆ ಮತ್ತು ತೊಡೆಗಳನ್ನು ಬಳಸುವ ಹಾರ್ನೆಸ್ಸನ್ನೇ ತೊಡಿ. ಹಾರ್ನೆಸ್ಸಿಗೆ ಐಎಸ್ 3521, ಹೆಲ್ಮೆಟ್ಟಿಗೆ ಐಎಸ್ 2925 ಗುರುತನ್ನು ನೋಡಿ ಕೊಳ್ಳಿ. ಹೆಲ್ಮೆಟ್ಟಿಗೆ ಗಲ್ಲದ ಪಟ್ಟಿ ಇರಲೇಬೇಕು.
5. ಒಮ್ಮೆ ಬಿದ್ದವರನ್ನು ತಡೆದು ಹಿಡಿದ ಹಾರ್ನೆಸ್ ಮತ್ತು ಹಗ್ಗವನ್ನು ಮತ್ತೆ ಬಳಸಬೇಡಿ.

ಜೋಡಿಸುವ ಮತ್ತು ಹತ್ತುವ ಕ್ರಮ: ನಿಂತು ಹತ್ತುವ ಸಾಧನ

1. ತೆಂಗಿನ ಬುಡ ದಪ್ಪವಾಗಿರುತ್ತದೆ. ಅಲ್ಲಿಯ ಸುತ್ತಳತೆಗೆ ತಕ್ಕಂತೆ ಕುಣಿಕೆಗಳನ್ನು ಹೊಂದಿಸಿ, ಕೊಕ್ಕೆ ಪೂರ್ತಿ ಕೂತಿದೆಯೇ ಎಂದು ಕೈಯಿಂದ ಎಳೆದು ನೋಡಿ. ಎರಡು ಕುಣಿಕೆಗಳು ಒಂದರ ಮೇಲೊಂದಿರಬೇಕು. ಏರುವಾಗಲೂ ಇಳಿಯುವಾಗಲೂ ಅವು ಒಂದನ್ನೊಂದು ದಾಟಬಾರದು.
2. ಪಾದದ ಪಟ್ಟಿಗಳನ್ನು ಕಟ್ಟಿಕೊಂಡ ಕೂಡಲೇ, ಸುರಕ್ಷತಾ ಹಗ್ಗವನ್ನು ಕಾಂಡಕ್ಕೆ ಸುತ್ತಿ ಹಾರ್ನೆಸ್ಸಿಗೆ ಸಿಕ್ಕಿಸಿ. ನುಣುಪಾದ ಕಾಂಡದ ಮೇಲೆ ಸಡಿಲವಾದ ಬಳೆಯಂತಹ ಹಗ್ಗ ಬುಡದವರೆಗೂ ಜಾರಿಬಿಡುತ್ತದೆ. ಎಳೆದಷ್ಟೂ ಬಿಗಿಯುವ ಕುಣಿಕೆಯ ಹಗ್ಗವನ್ನೇ ಆರಿಸಿ, ಅದು ಸದಾ ಸೊಂಟಕ್ಕಿಂತ ಮೇಲಿರುವಂತೆ ಸರಿಸುತ್ತ ಹೋಗಿ.
3. ನೆಲದಿಂದ ಒಂದು ಗೇಣು ಮೇಲೇರಿ ನಿಂತು, ಒಂದೊಂದೇ ಕಾಲಿನ ಮೇಲೆ ಪೂರ್ಣ ಭಾರ ಬಿಟ್ಟು ನೋಡಿ. ಕುಣಿಕೆ ಜಾರಿದರೆ ಕೆಳಗಿಳಿದು ಸರಿಪಡಿಸಿ.
4. ಒಂದು ಕಾಲಿನ ಮೇಲೆ ಭಾರವಿಟ್ಟು, ಇನ್ನೊಂದು ಬದಿಯ ಕೈಹಿಡಿ ಮತ್ತು ಪಾದವನ್ನು ಒಟ್ಟಿಗೇ ಎತ್ತಿ. ಒಂದು ಹೆಜ್ಜೆಗೆ 20ರಿಂದ 30 ಸೆಂ.ಮೀ. ಸಾಕು.
5. ದಪ್ಪ ಬುಡವನ್ನು ದಾಟಿದ ಮೇಲೆ ಕಾಂಡ ಸಣ್ಣದಾಗುತ್ತದೆ. ಅಲ್ಲಿ ನಿಂತು ಒಂದಾದ ಮೇಲೊಂದರಂತೆ ಕುಣಿಕೆಗಳನ್ನು ಹೊಂದಿಸಿ.
6. ಕಾಳುಮೆಣಸಿನ ಬಳ್ಳಿ ಅಥವಾ ಬೇರಾವುದೇ ಅಡ್ಡಿ ಇದ್ದು ಸುರಕ್ಷತಾ ಹಗ್ಗವನ್ನು ಬಿಚ್ಚಬೇಕಾದರೆ, ಅಡ್ಡಿಯ ಮೇಲ್ಭಾಗದಲ್ಲಿ ಎರಡನೆಯ ಹಗ್ಗವನ್ನು ಕಟ್ಟಿ ಸಿಕ್ಕಿಸಿದ ನಂತರವೇ ಮೊದಲನೆಯದನ್ನು ಬಿಡಿ. ಒಂದು ಹಿಡಿತ ಬಿಡುವ ಮೊದಲು ಇನ್ನೊಂದು ಹಿಡಿದಿರಲೇಬೇಕೆಂಬುದು ಎತ್ತರದ ಕೆಲಸಕ್ಕೆಲ್ಲ ಅನ್ವಯಿಸುವ ನಿಯಮ.

ತುದಿಯಲ್ಲಿ ಕೆಲಸ ಮತ್ತು ಇಳಿಯುವಿಕೆ

ಗರಿಗಳ ಕೆಳಗೆ ತಲುಪಿದಾಗ ಎರಡೂ ಪಾದಗಳನ್ನು ಸಮಮಟ್ಟದಲ್ಲಿ ನಿಲ್ಲಿಸಿ, ಎರಡನೆಯ ಸುರಕ್ಷತಾ ಹಗ್ಗವನ್ನು ಕಾಂಡಕ್ಕೆ ಕಟ್ಟಿ. ಗರಿಯ ಬುಡಕ್ಕಾಗಲಿ ಗೊನೆಯ ತೊಟ್ಟಿಗಾಗಲಿ ಎಂದೂ ಹಗ್ಗ ಕಟ್ಟಬೇಡಿ. ಒಣಗುತ್ತಿರುವ ಗರಿ ಭಾರ ಬಿದ್ದೊಡನೆ ಕಳಚಿಕೊಳ್ಳುತ್ತದೆ. ಮಚ್ಚನ್ನು ಒರೆಯಲ್ಲಿಟ್ಟು ಒಯ್ಯಿರಿ ಮತ್ತು ಅದರ ಏಟು ಸುರಕ್ಷತಾ ಹಗ್ಗದ ಕಡೆಗೆ ಬೀಳದಂತೆ ನಿಲ್ಲಿ. ಅಡಿಕೆಗೆ ಔಷಧ ಹೊಡೆಯುವಾಗ ಪೈಪನ್ನು ದೇಹಕ್ಕೆ ಕಟ್ಟಿಕೊಳ್ಳದೆ ಮರಕ್ಕೆ ಕಟ್ಟಿ. ಕೆಳಗೆ ಯಾರೋ ಪೈಪೆಳೆದರೆ ಮೇಲಿರುವವರ ತೋಲ ತಪ್ಪುತ್ತದೆ. ಸಾಧನದಲ್ಲಿರುವಾಗ ಪಕ್ಕದ ಮರಕ್ಕೆ ಚಾಚಬೇಡಿ.

ಇಳಿಯುವಾಗ ದಣಿವೂ ಅವಸರವೂ ಕೂಡಿಕೊಳ್ಳುತ್ತವೆ. ಏರಿದಷ್ಟೇ ಸಣ್ಣ ಹೆಜ್ಜೆಯಲ್ಲಿ ಇಳಿಯಿರಿ. ದಪ್ಪ ಬುಡದ ಬಳಿ ಕುಣಿಕೆಯನ್ನು ಮತ್ತೆ ಸಡಿಲಿಸಿಕೊಳ್ಳಿ. ಪಾದ ನೆಲ ಮುಟ್ಟುವವರೆಗೆ ಪಟ್ಟಿಯನ್ನಾಗಲಿ ಹಗ್ಗವನ್ನಾಗಲಿ ಬಿಚ್ಚಬೇಡಿ.

ನೆಲದಲ್ಲಿರುವವರ ಹೊಣೆ

ಒಬ್ಬಂಟಿಯಾಗಿ ಮರ ಹತ್ತಬಾರದು. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಒಬ್ಬರು ಮೊಬೈಲ್‌ನೊಂದಿಗೆ ಇರಬೇಕು. ಕಾಯಿ ಬೀಳುವ ಹೊತ್ತಿನಲ್ಲಿ ಬುಡದಿಂದ ಕನಿಷ್ಠ 5 ಮೀಟರ್ ಸುತ್ತಳತೆಯೊಳಗೆ ಯಾರೂ ಬರಕೂಡದು. ಇಳಿಜಾರಿನ ತೋಟದಲ್ಲಿ ಕಾಯಿ ಉರುಳುವ ದಿಕ್ಕಿನಲ್ಲಿ ಈ ಅಂತರ ಇನ್ನೂ ಹೆಚ್ಚಿರಲಿ. 15 ಮೀಟರ್ ಮೇಲಿಂದ ಬೀಳುವ ತೆಂಗಿನಕಾಯಿಯ ವೇಗ ಗಂಟೆಗೆ ಸುಮಾರು 60 ಕಿ.ಮೀ. ಮಕ್ಕಳನ್ನೂ ಜಾನುವಾರುಗಳನ್ನೂ ದೂರವಿರಿಸಿ.

ಅವಘಡ ಸಂಭವಿಸಿದಾಗ

• ಬಿದ್ದವರನ್ನು ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಕತ್ತು ಮತ್ತು ಬೆನ್ನು ಅಲುಗದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಿ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಒಯ್ದರೆ, ಉಳಿಯಬಹುದಾಗಿದ್ದ ಕಾಲುಗಳ ಸ್ವಾಧೀನವೂ ತಪ್ಪಬಹುದು.
• ರಕ್ತ ಸೋರುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ.
• ಹಾರ್ನೆಸ್ಸಿನಲ್ಲಿ ನೇತಾಡುತ್ತಿರುವವರನ್ನು ಆದಷ್ಟು ಬೇಗ ಇಳಿಸಬೇಕು. ಅಲುಗಾಡದೆ ನೇತಾಡುತ್ತಿದ್ದರೆ ರಕ್ತ ಕಾಲುಗಳಲ್ಲಿಯೇ ನಿಂತು ಪ್ರಜ್ಞೆ ತಪ್ಪಬಹುದು. ಪ್ರಜ್ಞೆ ಇದ್ದವರು ಕಾಲಾಡಿಸುತ್ತಿರಲಿ. ತೋಟದಲ್ಲಿ ಎರಡನೆಯ ಸಾಧನ ಮತ್ತು ಅದನ್ನು ಬಳಸಬಲ್ಲ ಇನ್ನೊಬ್ಬರಿರುವುದು ಇದಕ್ಕಾಗಿಯೇ ಅಗತ್ಯ.
• ವಿದ್ಯುತ್ ತಗುಲಿದವರನ್ನು ಸಂಪರ್ಕ ಕಡಿತವಾಗುವವರೆಗೆ ಮುಟ್ಟಬೇಡಿ.

ತರಬೇತಿ ಮತ್ತು ವಿಮೆ

ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ತರಬೇತಿಯನ್ನು ಆರಂಭಿಸಿತು. ಮರ ಹತ್ತುವವರಿಗಾಗಿ ಮಂಡಳಿಯ ‘ಕೇರ ಸುರಕ್ಷಾ’ ಅಪಘಾತ ವಿಮಾ ಯೋಜನೆಯೂ ಇದೆ. ತರಬೇತಿಯ ದಿನಾಂಕ, ವಿಮೆಯ ಮೊತ್ತ ಮತ್ತು ಕಂತಿನ ವಿವರಗಳನ್ನು ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿ. ವಿಸ್ತರಣಾ ಕಾರ್ಯಕರ್ತರು ಪ್ರಾತ್ಯಕ್ಷಿಕೆ ಏರ್ಪಡಿಸುವಾಗ ಹತ್ತುವ ವೇಗವನ್ನು ತೋರಿಸುವುದಕ್ಕಿಂತ ಪರಿಶೀಲನೆಯ ಕ್ರಮವನ್ನು ತೋರಿಸಲು ಹೆಚ್ಚು ಸಮಯ ಮೀಸಲಿಡಬೇಕು.

ತೋಟದ ಮಾಲೀಕರು ಕೂಲಿಯ ಮಾತಾಡುವಾಗಲೇ ವಿಮೆಯ ಮಾತನ್ನೂ ಆಡಬೇಕು. ಹಾರ್ನೆಸ್ ತೊಡಲು ಹಿಡಿಯುವ ಸಮಯವನ್ನು ಕೆಲಸದ ಸಮಯವೆಂದೇ ಎಣಿಸಬೇಕು. ಮರವೊಂದಕ್ಕೆ ಇಷ್ಟೆಂದು ಹಣ ಗೊತ್ತುಮಾಡಿದಾಗ ಅವಸರ ತಾನಾಗಿಯೇ ಬರುತ್ತದೆ. ‘ಈ ಮರ ಬೇಡ’ ಎಂದು ಹತ್ತುವವರು ಹೇಳಿದಾಗ ಆ ಮರದ ಕೂಲಿಯನ್ನು ಕಡಿಯಬೇಡಿ. ಒಂದು ಗೊನೆ ಮರದಲ್ಲೇ ಉಳಿದರೆ ಅದು ಆ ಕೊಯ್ಲಿನ ನಷ್ಟ ಮಾತ್ರ.