ಪ್ಲೇಗಿನ ಕಾಲದ ಜಗಳ ಮತ್ತು ನಮ್ಮ ಸಂಘಕ್ಕೆ ಅದರ ಪಾಠ



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ 25 ವರ್ಷ ತುಂಬಿದೆ. ಸಂಘ ಹುಟ್ಟಿದ ದಿನ ಎಷ್ಟು ಲೀಟರ್ ಹಾಲು ಬಂತು, ಇವತ್ತು ಎಷ್ಟು ಬರುತ್ತಿದೆ ಎಂಬ ಲೆಕ್ಕವನ್ನೆಲ್ಲ ಕಾರ್ಯದರ್ಶಿಯವರು ಇದೇ ಸಂಚಿಕೆಯಲ್ಲಿ ಕೊಟ್ಟಿದ್ದಾರೆ. ನಾನು ಓದಿರುವುದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ. ಆದರೂ ಹಳೆಯ ಕಾಲದ ವಿಷಯ ಓದುವ ಚಟ ಮೊದಲಿನಿಂದಲೂ ಇದೆ. 2020 ಮತ್ತು 2021ರಲ್ಲಿ ಕೊರೋನ ಬಂದಾಗ ನಮ್ಮೂರಲ್ಲಿ ಆದ ವಾದ-ವಿವಾದ ನಿಮಗೆಲ್ಲ ಗೊತ್ತೇ ಇದೆ. "ಭಾರೀ ರೋಗ, ಊರ ಬಾಗಿಲು ಹಾಕಿ" ಅಂದವರು ಒಂದು ಕಡೆ. "ಯಾವ ರೋಗಾನೂ ಇಲ್ಲ ಗೀಗಾನೂ ಇಲ್ಲ, ಎಲ್ಲಾ ಟಿ.ವಿ.ಯೋರ ಆಟ" ಅಂದವರು ಇನ್ನೊಂದು ಕಡೆ. ಈ ಜಗಳ ಹೊಸದೇನಲ್ಲ. ನಮ್ಮ ತಾತ ಮುತ್ತಾತಂದಿರ ಕಾಲದಲ್ಲಿ ಪ್ಲೇಗು ಬಂದಾಗಲೂ ಇದೇ ಜಗಳ ಆಗಿತ್ತು. ಅದು ಹೇಗಾಯಿತು, ಯಾಕಾಯಿತು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆದಿದ್ದೇನೆ.

ಮುಂಬಯಿಯಲ್ಲಿ ಶುರುವಾದದ್ದು

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಎಂಬ ಕಡೆ ಜನ ವಿಚಿತ್ರ ಜ್ವರದಿಂದ ಸಾಯತೊಡಗಿದರು. ಮಾಂಡ್ವಿ ಎಂದರೆ ಬಂದರಿನ ಪಕ್ಕದ ಜಾಗ. ತುಂಬ ದವಸದ ಗೋದಾಮುಗಳು. ದವಸ ಇದ್ದ ಕಡೆ ಇಲಿ ಇದ್ದೇ ಇರುತ್ತದೆ. ಜ್ವರ ಬಂದವರಿಗೆ ತೊಡೆಸಂದಿನಲ್ಲೋ ಕಂಕುಳಲ್ಲೋ ಗಂಟು ಕಟ್ಟುತ್ತಿತ್ತು. ಗೋವೆಯ ಮೂಲದ ಡಾ. ಅಕಾಸಿಯೋ ವಿಯೆಗಾಸ್ ಎಂಬ ವೈದ್ಯರು ಇದನ್ನು ನೋಡಿ, ಇದು ಪ್ಲೇಗು ಎಂದು ಧೈರ್ಯವಾಗಿ ಹೇಳಿದರು. ಆದರೆ ಆ ಮಾತನ್ನು ಎಲ್ಲರೂ ಒಪ್ಪಲಿಲ್ಲ. ಇದು ಬರೀ ಗಂಟಿನ ಜ್ವರ, ಪ್ಲೇಗು ಎಂದು ಹೆಸರಿಟ್ಟು ಜನರನ್ನು ಹೆದರಿಸಬೇಡಿ ಎಂದವರಿದ್ದರು. ಮುಂಬಯಿಯಲ್ಲಿ ಪ್ಲೇಗು ಎಂದು ಸುದ್ದಿಯಾದರೆ ಬೇರೆ ದೇಶದವರು ಹಡಗು ಬಿಟ್ಟುಕೊಳ್ಳುವುದಿಲ್ಲ, ವ್ಯಾಪಾರ ಕೆಡುತ್ತದೆ ಎಂಬ ಭಯ ವರ್ತಕರದು. ಅತ್ತ ವಾದ ನಡೆಯುತ್ತಿದ್ದಾಗಲೇ ಇತ್ತ ಜನ ಗಂಟು ಮೂಟೆ ಕಟ್ಟಿಕೊಂಡು ರೈಲು ಹತ್ತಿದರು. ಕೆಲವೇ ತಿಂಗಳಲ್ಲಿ ಊರಿನ ಅರ್ಧಕ್ಕೆ ಹತ್ತಿರ ಜನ ಮುಂಬಯಿ ಬಿಟ್ಟು ಹೋದರು. ರೋಗವೂ ಅವರ ಜೊತೆ ಹೊರಟಿತು.

ಸರ್ಕಾರ ಮೊದಲು ನಿಧಾನ ಮಾಡಿತು, ಆಮೇಲೆ ಅತಿ ಮಾಡಿತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಯಾರ ಮನೆಗಾದರೂ ನುಗ್ಗಬಹುದು, ಯಾರನ್ನಾದರೂ ಹಿಡಿದು ಆಸ್ಪತ್ರೆಗೋ ಕ್ಯಾಂಪಿಗೋ ಹಾಕಬಹುದು, ರೈಲಿನಿಂದ ಇಳಿಸಬಹುದು, ಮನೆಯ ಸಾಮಾನು ಸುಡಬಹುದು. ಇದೇ ಕಾಯಿದೆಯನ್ನು 2020ರಲ್ಲಿ ಕೊರೋನ ಬಂದಾಗಲೂ ನಮ್ಮ ದೇಶದಲ್ಲಿ ಉಪಯೋಗಿಸಿದರು ಎಂಬುದನ್ನು ಓದುಗರು ಗಮನಿಸಬೇಕು.

ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಗೋರಾ ಸಿಪಾಯಿಗಳು ಮನೆ ಮನೆ ಹೊಕ್ಕು ಶೋಧನೆ ಮಾಡಿದರು. ಅಡಿಗೆಮನೆ, ದೇವರಮನೆ ಏನೂ ನೋಡಲಿಲ್ಲ. ಹೆಂಗಸರ ಮರ್ಯಾದೆಗೆ ಕುಂದು ಬಂತೆಂದು ಜನ ಕುದಿದರು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡ್ ಸಾಹೇಬನಿಗೆ ಗುಂಡು ಹಾರಿಸಿದರು. ಅವನು ಕೆಲವು ದಿನಗಳ ನಂತರ ಸತ್ತ. ಪತ್ರಿಕೆಯಲ್ಲಿ ಬರೆದದ್ದಕ್ಕೆ ಲೋಕಮಾನ್ಯ ತಿಲಕರಿಗೆ ರಾಜದ್ರೋಹದ ಮೇಲೆ ಜೈಲಾಯಿತು.

ಅದೇ ಪುಣೆಯಲ್ಲಿ ಬೇರೆ ದಾರಿ ಹಿಡಿದವರೂ ಇದ್ದರು. ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆಯವರು, ಡಾಕ್ಟರಾಗಿದ್ದ ಸಾಕುಮಗ ಯಶವಂತರ ಜೊತೆ ಸೇರಿ ಪ್ಲೇಗಿನ ರೋಗಿಗಳ ಆರೈಕೆಗೆ ನಿಂತರು. ಮುಟ್ಟಲು ಯಾರೂ ಮುಂದೆ ಬಾರದ ರೋಗಿಗಳನ್ನು ತಾವೇ ಕರೆತಂದರು. ಕೊನೆಗೆ ಅವರಿಗೂ ಪ್ಲೇಗು ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ರೋಗ ಇದೆಯೋ ಇಲ್ಲವೋ ಎಂದು ಕಟ್ಟೆ ಮೇಲೆ ಕುಳಿತು ವಾದ ಮಾಡುವವರು ಈ ತಾಯಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ನಮ್ಮ ಸೀಮೆಗೆ ಬಂದದ್ದು

ಪ್ಲೇಗು ರೈಲಿನ ಹಾದಿಯಲ್ಲೇ ಹುಬ್ಬಳ್ಳಿ ಧಾರವಾಡಕ್ಕೆ ಬಂತು. ಅಲ್ಲಿಂದ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಇಳಿಯಿತು. ಆಮೇಲೆ ಮೈಸೂರು, ಶ್ರೀರಂಗಪಟ್ಟಣ, ಸುತ್ತಿನ ಹಳ್ಳಿಗಳು. ಆಗ ಮೈಸೂರಿನಲ್ಲಿ ವಾಣಿವಿಲಾಸ ಸನ್ನಿಧಾನದವರ ರೀಜೆಂಟ್ ಆಡಳಿತ. ಶೇಷಾದ್ರಿ ಅಯ್ಯರ್ ಅವರು ದಿವಾನರು. ಮುಂದೆ ದಿವಾನರಾದ ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಆದರು. ಇಲ್ಲಿಯೂ ತಪಾಸಣೆ, ಕ್ಯಾಂಪು, ಮನೆ ಖಾಲಿ ಮಾಡಿಸುವುದು ಎಲ್ಲ ಶುರುವಾಯಿತು. ಜನ ತಿರುಗಿಬಿದ್ದರು. 1898ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ ದೊಡ್ಡ ಗಲಭೆಯೇ ಆಯಿತು. ನಿಮಿಷಾಂಬ ದೇವಸ್ಥಾನಕ್ಕೆ ಹೋಗುವಾಗ ನಾವು ಹಾದುಹೋಗುವ ಗಂಜಾಂ ಇದೇ.

ನಮ್ಮ ಹಿರಿಯರು ದಡ್ಡರಾಗಿದ್ದರು, ಅದಕ್ಕೇ ಗಲಾಟೆ ಮಾಡಿದರು ಎಂದು ಹೇಳುವುದು ಸುಲಭ. ಆದರೆ ವಿಚಾರ ಅಷ್ಟು ಸರಳವಾಗಿಲ್ಲ. ಆಗಿನ ಡಾಕ್ಟರುಗಳಿಗೂ ರೋಗ ಹೇಗೆ ಹರಡುತ್ತದೆ ಎಂದು ಸರಿಯಾಗಿ ಗೊತ್ತಿರಲಿಲ್ಲ. ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಕಂಡುಹಿಡಿದಿದ್ದರು, ಅದು ನಿಜ. ಆದರೆ ಸತ್ತ ಇಲಿಯ ಮೈಮೇಲಿನ ಚಿಗಟ ಮನುಷ್ಯನನ್ನು ಕಚ್ಚಿ ರೋಗ ಅಂಟಿಸುತ್ತದೆ ಎಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ತೋರಿಸಿಕೊಟ್ಟಿದ್ದು 1898ರಲ್ಲಿ. ಅದನ್ನೂ ದೊಡ್ಡ ದೊಡ್ಡವರು ಹಲವು ವರ್ಷ ನಂಬಲಿಲ್ಲ. ಹಾಗಾಗಿ ಸರ್ಕಾರದವರು ಮನೆಗೆ ಕಾರ್ಬಾಲಿಕ್ ನೀರು ಹೊಡೆಯುವುದು, ನೆಲ ಅಗೆಯುವುದು, ಬಿಸಿಲು ಬೀಳಲೆಂದು ಹೆಂಚು ತೆಗೆಯುವುದು ಮಾಡಿದರು. ಮನೆ ತೊಳೆದಷ್ಟೂ ಇಲಿ ಪಕ್ಕದ ಮನೆಗೆ ಓಡಿತು!

ಹಳ್ಳಿಯ ಜನಕ್ಕೆ ಮಾತ್ರ ಕಣ್ಣಿಗೆ ಕಂಡ ಒಂದು ಲೆಕ್ಕ ಇತ್ತು. "ಇಲಿ ಬಿತ್ತು" ಎಂದರೆ ಊರು ಬಿಡಬೇಕು. ಸೂರಿನಿಂದ ಇಲಿ ಬಿದ್ದು ಸಾಯತೊಡಗಿದರೆ ಹೊಲ ತೋಟಗಳಲ್ಲಿ ಗುಡಿಸಲು ಹಾಕಿಕೊಂಡು, ದನಕರು ಸಮೇತ ತಿಂಗಳುಗಟ್ಟಲೆ ಅಲ್ಲೇ ಇರುತ್ತಿದ್ದರು. ಪ್ಲೇಗಮ್ಮನ ಪೂಜೆ ಮಾಡಿ ಆಮೇಲೆ ಊರು ಸೇರುತ್ತಿದ್ದರು. ಚಿಗಟದ ವಿಷಯ ಅವರಿಗೆ ಗೊತ್ತಿರಲಿಲ್ಲ. ಆದರೆ ಇಲಿಯಿಂದ ದೂರ ಹೋದರೆ ಜೀವ ಉಳಿಯುತ್ತದೆ ಎಂಬ ಅವರ ಲೆಕ್ಕ ಸರಿಯಾಗಿಯೇ ಇತ್ತು. ಅಂದರೆ ರೋಗವನ್ನು ಅವರು ಹಗುರವಾಗಿ ತೆಗೆದುಕೊಂಡಿರಲಿಲ್ಲ. ಸರ್ಕಾರದ ಕ್ರಮವನ್ನು ಮಾತ್ರ ಒಪ್ಪಿರಲಿಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದದ್ದು ಆಳುವವರ ದೊಡ್ಡ ತಪ್ಪು.

ಜನರ ಕಡೆಯಲ್ಲೂ ತಪ್ಪು ಇತ್ತು, ಅದನ್ನು ಮುಚ್ಚಿಡಬಾರದು. ಆಸ್ಪತ್ರೆಗೆ ಹೋದವರ ಮೈಯಿಂದ ಎಣ್ಣೆ ತೆಗೆಯುತ್ತಾರೆ ಎಂಬ ಸುದ್ದಿ ಹಬ್ಬಿತು. ಸೂಜಿ ಗಜದುದ್ದ ಇರುತ್ತದೆ, ಚುಚ್ಚಿಸಿಕೊಂಡರೆ ಮಕ್ಕಳಾಗುವುದಿಲ್ಲ ಎಂದರು. 1896ರ ಅಕ್ಟೋಬರಿನಲ್ಲಿ ಮುಂಬಯಿಯ ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ಗಿರಣಿ ಕೆಲಸಗಾರರು ಗುಂಪು ಕಟ್ಟಿಕೊಂಡು ದಾಳಿ ಮಾಡಿದರು. ಎಷ್ಟೋ ಮನೆಗಳಲ್ಲಿ ರೋಗಿಗಳನ್ನು ಬಚ್ಚಿಟ್ಟರು, ಸತ್ತವರನ್ನು ಗುಟ್ಟಾಗಿ ಸಾಗಿಸಿದರು. ಬಚ್ಚಿಟ್ಟ ಮನೆಯಿಂದಲೇ ರೋಗ ಬೀದಿಗೆ ಹರಡಿತು.

ಸೂಜಿಮದ್ದಿನ ಕಥೆ

ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಕುಳಿತು ಪ್ಲೇಗಿಗೆ ಸೂಜಿಮದ್ದು ತಯಾರು ಮಾಡಿದರು. 1897ರ ಜನವರಿ 10ರಂದು ಅದನ್ನು ಮೊದಲು ತಮಗೇ ಚುಚ್ಚಿಸಿಕೊಂಡರು. ಜ್ವರ ಬಂತು, ಆದರೆ ಜೀವಕ್ಕೇನೂ ಆಗಲಿಲ್ಲ. ಆಮೇಲೆ ಬೈಕುಲ್ಲಾ ಜೈಲಿನಲ್ಲಿ ಒಪ್ಪಿದ ಕೈದಿಗಳಿಗೆ ಹಾಕಿದರು. ಹಾಕಿಸಿಕೊಂಡವರಲ್ಲಿ ರೋಗ ಬಿದ್ದವರು ಕಡಿಮೆ ಎಂದು ಕಂಡುಬಂತು. ನಮ್ಮ ಹುಬ್ಬಳ್ಳಿಯಲ್ಲಿ 1898ರಲ್ಲಿ ಮೂವತ್ತು ಸಾವಿರಕ್ಕೂ ಮೇಲ್ಪಟ್ಟು ಜನ ಈ ಸೂಜಿ ಹಾಕಿಸಿಕೊಂಡರು. ಒಂದು ಕಡೆ ಜನ ಆಸ್ಪತ್ರೆಗೆ ಕಲ್ಲು ಹೊಡೆದರು, ಇನ್ನೊಂದು ಕಡೆ ಸಾವಿರಗಟ್ಟಲೆ ತೋಳು ಒಡ್ಡಿದರು. ಆದ್ದರಿಂದ ನಮ್ಮ ಜನ ಯಾವುದನ್ನೂ ಒಪ್ಪುವುದಿಲ್ಲ ಎಂಬ ಮಾತು ಸುಳ್ಳು.

ಆದರೆ ಕಟ್ಟಿದ ನಂಬಿಕೆ ಒಡೆಯಲು ಒಂದು ದಿನ ಸಾಕು. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯ ಮದ್ದು ಹಾಕಿಸಿಕೊಂಡ 19 ಜನ ಧನುರ್ವಾಯು ಬಂದು ಸತ್ತರು. ತಪ್ಪನ್ನು ಹಾಫ್‌ಕಿನ್ ಮೇಲೆ ಹೊರಿಸಿ ಅವರನ್ನು ಕೆಲಸದಿಂದ ದೂರ ಇಟ್ಟರು. ಸೀಸೆ ತೆರೆಯುವಾಗ ನೆಲಕ್ಕೆ ಬಿದ್ದ ಇಕ್ಕಳವನ್ನು ಸರಿಯಾಗಿ ಶುದ್ಧ ಮಾಡದೆ ಉಪಯೋಗಿಸಿದ್ದು ಆಮೇಲೆ ಚರ್ಚೆಗೆ ಬಂತು. ಅವರ ಮೇಲಿನ ಆಪಾದನೆ ಹೋಗಲು 1907ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಎಷ್ಟು ಹಳ್ಳಿಗಳಲ್ಲಿ ಜನ ಸೂಜಿ ಬೇಡ ಎಂದಿರಬಹುದು, ಯೋಚಿಸಿ.

ಬಲವಂತದಿಂದ ಕೆಲಸ ಆಗುವುದಿಲ್ಲ ಎಂದು ಸರ್ಕಾರಕ್ಕೂ ಕೊನೆಗೆ ಅರಿವಾಯಿತು. 1898ರ ನಂತರ ಸಿಪಾಯಿಗಳ ಶೋಧನೆ ಕಡಿಮೆಯಾಯಿತು. ಆಯಾ ಜನಾಂಗದವರೇ ತಮ್ಮ ಆಸ್ಪತ್ರೆ ನಡೆಸಲು, ಊರು ಬಿಟ್ಟು ಹೊರಗಿರಲು ಅವಕಾಶ ಸಿಕ್ಕಿತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರದಂಥ ಅಗಲ ರಸ್ತೆಯ ಬಡಾವಣೆಗಳು ಬೆಳೆದದ್ದೂ ಈ ಕಾಲದಲ್ಲೇ. ಇಷ್ಟೆಲ್ಲ ಆದರೂ ಪ್ಲೇಗು ನಮ್ಮ ದೇಶದಲ್ಲಿ ಮುಂದಿನ ಮೂರು ದಶಕಗಳಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ತೆಗೆದುಕೊಂಡು ಹೋಯಿತು.

ಯಾಕೆ ಬಚ್ಚಿಟ್ಟರು?

ಜನ ಯಾಕೆ ಬಚ್ಚಿಟ್ಟರು ಎಂದು ನಾನು ಬಹಳ ಯೋಚನೆ ಮಾಡಿದ್ದೇನೆ. ಉತ್ತರ ನಮ್ಮ ಕೊಟ್ಟಿಗೆಯಲ್ಲೇ ಇದೆ. 2013ರಲ್ಲಿ ಕಾಲುಬಾಯಿ ಜ್ವರ ಬಂದು ನಮ್ಮ ರಾಜ್ಯದಲ್ಲಿ ಸಾವಿರಾರು ರಾಸುಗಳು ಸತ್ತದ್ದನ್ನು ಯಾರೂ ಮರೆತಿಲ್ಲ. ಆದರೂ ಲಸಿಕೆ ಹಾಕುವವರು ಬಂದರೆ ಕೆಲವರು ಹಸುವನ್ನು ಹೊಲಕ್ಕೆ ಹೊಡೆದುಬಿಡುತ್ತಾರೆ. ಯಾಕೆಂದರೆ ಲಸಿಕೆ ಹಾಕಿದ ಮೇಲೆ ಎರಡು ಮೂರು ದಿನ ಹಾಲು ಇಳಿಯುತ್ತದೆ. ಆ ನಷ್ಟ ಇವತ್ತಿನ ನಷ್ಟ, ರೋಗ ನಾಳೆಯ ಮಾತು. ಅವರು ರೋಗವನ್ನು ನಂಬುವುದಿಲ್ಲ ಎಂದಲ್ಲ, ಬಟವಾಡೆ ದಿನ ಕೈಗೆ ಬರುವ ದುಡ್ಡಿನ ಲೆಕ್ಕ ಹಾಕುತ್ತಾರೆ. ಪ್ಲೇಗಿನ ಕಾಲದಲ್ಲಿ ನಿಜ ಹೇಳಿದವನು ಮನೆ ಕಳೆದುಕೊಂಡ, ಸಾಮಾನು ಕಳೆದುಕೊಂಡ, ಹೆಂಡತಿ ಮಕ್ಕಳಿಂದ ದೂರವಾದ. ಬಚ್ಚಿಟ್ಟವನು ನಾಲ್ಕು ದಿನವಾದರೂ ಬಚಾವಾದ. ನಿಜ ಹೇಳಿದವನಿಗೇ ಶಿಕ್ಷೆ ಆದರೆ ನಿಜ ಯಾರು ಹೇಳುತ್ತಾರೆ?

ಕೊರೋನ ಕಾಲದಲ್ಲಿ ನಮ್ಮೂರಲ್ಲೂ ಇದನ್ನೇ ಕಂಡೆವು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಹುಡುಗರು ಊರ ದಾರಿಗೆ ಮುಳ್ಳು ಕಡಿದು ಹಾಕಿದರು. ಹಾಲಿನ ಗಾಡಿಗೂ ದಾರಿ ಇಲ್ಲ! ಅದೇ ದಿನ ಅರಳಿಕಟ್ಟೆ ಮೇಲೆ ಇಸ್ಪೀಟು ನಡೆದೇ ಇತ್ತು. ಡೈರಿ ಮುಚ್ಚಿ ಎಂದವರಿಗೆ, "ಹಸೂಗೆ ಲಾಕ್‌ಡೌನ್ ಅಂತ ಹೇಳೋರು ಯಾರಪ್ಪಾ?" ಎಂದು ಒಬ್ಬ ಅಜ್ಜಿ ಕೇಳಿದ್ದು ಊರಿಗೆಲ್ಲ ಮಾತಾಯಿತು. ಕೊನೆಗೆ ನೆಲದ ಮೇಲೆ ಸುಣ್ಣದ ಗುಂಡು ಎಳೆದು, ಬೀದಿವಾರು ಹೊತ್ತು ನಿಗದಿ ಮಾಡಿ, ಗಾಡಿಗೆ ದಾರಿ ಬಿಡಿಸಿ, ಒಂದು ಹೊತ್ತೂ ತಪ್ಪದಂತೆ ಹಾಲು ತೆಗೆದುಕೊಂಡೆವು.

2021ರ ಎರಡನೇ ಅಲೆ ಬಂದಾಗ ಕಷ್ಟ ಜಾಸ್ತಿಯಾಯಿತು. ಜ್ವರ ಬಂದ ಮನೆಯವರು ಹೇಳಿಕೊಳ್ಳಲಿಲ್ಲ. ಹೇಳಿದರೆ ಡೈರಿಯಲ್ಲಿ ಹಾಲು ತೆಗೆದುಕೊಳ್ಳುವುದಿಲ್ಲ ಎಂಬ ಭಯ. ಆಗ ಆಡಳಿತ ಮಂಡಳಿ ಸಭೆ ಸೇರಿ ಒಂದು ಠರಾವು ಮಾಡಿತು. ಜ್ವರ ಬಂದ ಮನೆಯ ಹಸುಗಳನ್ನು ನೆರೆಯವರೋ ನೆಂಟರೋ ಕರೆದು ಹಾಲು ತರತಕ್ಕದ್ದು. ಹಣ ಮಾತ್ರ ಆ ಮನೆಯವರ ಖಾತೆಗೇ ಪೂರ್ತಿ ಜಮಾ ಆಗತಕ್ಕದ್ದು. ಮೇವು, ಪಶು ಆಹಾರ ಮನೆ ಬಾಗಿಲಿಗೆ ಮುಟ್ಟಿಸತಕ್ಕದ್ದು. ಇದಕ್ಕೂ ವಿರೋಧ ಬಂತು. ಒಬ್ಬ ನಿರ್ದೇಶಕರು ಸಭೆಯಿಂದ ಎದ್ದೇ ಹೋದರು. ಆದರೆ ಠರಾವು ಆದ ಎರಡೇ ದಿನದಲ್ಲಿ ನಾಲ್ಕು ಮನೆಯವರು ತಾವಾಗಿಯೇ ಬಂದು ಜ್ವರ ಇದೆ ಎಂದು ಹೇಳಿದರು, ಪರೀಕ್ಷೆಗೂ ಹೋದರು. ಲಸಿಕೆಯ ವಿಷಯದಲ್ಲೂ ಅಷ್ಟೇ. ಆಶಾ ಕಾರ್ಯಕರ್ತೆಯನ್ನು ಕಂಡು ತೋಟಕ್ಕೆ ಓಡುತ್ತಿದ್ದ ಜನ, ನಮ್ಮ ಕಾರ್ಯದರ್ಶಿ ಮತ್ತು ಊರಿನ ನಾಲ್ಕು ಜನ ಹಿರಿಯರು ಮೊದಲು ಹಾಕಿಸಿಕೊಂಡ ಮೇಲೆ ಸಾಲು ನಿಂತರು. ಹಾಫ್‌ಕಿನ್ ಸಾಹೇಬರು 1897ರಲ್ಲಿ ಮಾಡಿದ್ದೂ ಅದನ್ನೇ ಅಲ್ಲವೇ?

ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಪ್ಲೇಗು, ಬರಗಾಲ ಎರಡನ್ನೂ ಕಂಡ ಕಾಲ ಅದು. ಕಷ್ಟ ಬಂದಾಗ ಒಬ್ಬನ ನಷ್ಟವನ್ನು ಹತ್ತು ಜನ ಹಂಚಿಕೊಳ್ಳುವುದೇ ಸಹಕಾರ. ರೋಗದ ಕಾಲದಲ್ಲಿ ಇದಕ್ಕಿಂತ ದೊಡ್ಡ ಮದ್ದು ಇನ್ನೊಂದಿಲ್ಲ. ಹಾಗೆಂದು ಡಾಕ್ಟರ ಮದ್ದು ಬೇಡ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು!

ಇನ್ನೊಂದು ರೋಗ ಬರುವುದೇ ಇಲ್ಲ ಎಂದು ಯಾರೂ ಹೇಳಲಾರರು. ಬಂದಾಗ ಇದೇ ಜಗಳವೂ ಬರುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ. ಆದ್ದರಿಂದ 2021ರ ಆ ಠರಾವನ್ನು ಸಂಘದ ಕಾಯಂ ನಿಯಮವಾಗಿ ಮಾಡಬೇಕು, ಪ್ರತಿ ವರ್ಷದ ಲಾಭದಲ್ಲಿ ಸ್ವಲ್ಪ ಭಾಗವನ್ನು ರೋಗದ ಕಾಲದ ನಿಧಿಗೆ ತೆಗೆದಿಡಬೇಕು ಎಂದು ಮುಂದಿನ ಸರ್ವ ಸದಸ್ಯರ ಸಭೆಗೆ ವಿಷಯ ಕೊಟ್ಟಿದ್ದೇನೆ. ವಾದ ಮಾಡುವವರು ಅಂದೇ ಬಂದು ಮಾಡಿರಿ, ಎಲ್ಲರ ಮಾತೂ ನಡವಳಿ ಪುಸ್ತಕದಲ್ಲಿ ಬರೆಯಲಿ. ಸಭೆಗೆ ಎಲ್ಲ ಸದಸ್ಯರೂ, ಮುಖ್ಯವಾಗಿ ದಿನಾ ಹಸು ಕರೆದು ಹಾಲು ಹಾಕುವ ನಮ್ಮ ತಾಯಂದಿರು, ತಪ್ಪದೆ ಬರಬೇಕೆಂದು ವಿನಂತಿ.