ಮರುಮದುವೆಯ ಕುಟುಂಬಗಳ ಆಸ್ತಿ ಹಂಚಿಕೆ: ಮಧುಗಿರಿ ಸೀಮೆ

ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು, ವಿಚ್ಛೇದನ ಪಡೆದವರು ಮತ್ತೆ ಮದುವೆಯಾದಾಗ ಎರಡೂ ಕಡೆಯ ಮಕ್ಕಳು ಒಂದೇ ಮನೆಯಲ್ಲಿ ಬೆಳೆಯುತ್ತಾರೆ. ಇಂಥ ಮನೆಯ ಜಮೀನು, ಮನೆ, ಹಣ ಯಾರಿಗೆ ಸೇರಬೇಕೆಂಬುದನ್ನು ಹಿರಿಯರು ಬದುಕಿರುವಾಗಲೇ ಬರೆದಿಡುವ ಏರ್ಪಾಡು ಇದು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಧುಗಿರಿ ಕಂದಾಯ ಉಪವಿಭಾಗಕ್ಕೆ ಸೇರಿವೆ; ಇಲ್ಲಿ ಮಧುಗಿರಿ ಸೀಮೆಯೆಂದರೆ ಇವೇ. ವಿಧವೆಯ ಮರುಮದುವೆ ಹಳೆ ಮೈಸೂರು ಸೀಮೆಗೆ ಹೊಸದಲ್ಲ. ಕೂಡಿಕೆ, ಉಡಿಕೆ ಎಂಬ ಹೆಸರುಗಳಲ್ಲಿ ಹಲವು ಸಮುದಾಯಗಳಲ್ಲಿ ಅದು ಹಿಂದಿನಿಂದಲೂ ನಡೆದುಬಂದಿದೆ. ಮನೆಯವರು ಮಕ್ಕಳಲ್ಲಿ ಭೇದ ಮಾಡದಿದ್ದರೂ ಕಾನೂನು ಮಾಡುತ್ತದೆ.

ಶಿರಾ ಕಡೆಯ ಒಬ್ಬ ರೈತ ತಾನೇ ಕೊಂಡ 10 ಎಕರೆ ಜಮೀನು ಬಿಟ್ಟು, ಉಯಿಲು ಬರೆಯದೆ ತೀರಿಕೊಂಡನೆಂದು ಇಟ್ಟುಕೊಳ್ಳಿ. ಮೊದಲ ಹೆಂಡತಿ ಮೊದಲೇ ಕಾಲವಾಗಿದ್ದಾಳೆ, ಅವಳಿಗೆ ಇಬ್ಬರು ಮಕ್ಕಳು. ಎರಡನೆಯ ಹೆಂಡತಿಯಲ್ಲಿ ಒಬ್ಬ ಮಗಳು. ಆ ಹೆಂಡತಿ ಬರುವಾಗ ಜೊತೆಗೆ ಕರೆತಂದ ಮಗನೊಬ್ಬನಿದ್ದಾನೆ. ರೈತನ ತಾಯಿಯೂ ಇದ್ದಾಳೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿ, ಹೆಂಡತಿ, ಮೂವರು ಮಕ್ಕಳು ಹೀಗೆ ಐದು ಸಮಪಾಲು; ತಲೆಗೆ 2 ಎಕರೆ. ಇಪ್ಪತ್ತು ವರ್ಷ ಅದೇ ಹೊಲದಲ್ಲಿ ಶೇಂಗಾ ಕಿತ್ತಿದ್ದರೂ ಕರೆತಂದ ಮಗನಿಗೆ ಏನೂ ಇಲ್ಲ. ಮುಂದೆ ಆ ಎರಡನೆಯ ಹೆಂಡತಿಯೂ ಉಯಿಲು ಬರೆಯದೆ ತೀರಿಕೊಂಡರೆ ಅವಳ 2 ಎಕರೆ ಅವಳು ಹೆತ್ತ ಇಬ್ಬರಿಗೆ ಹೋಗುತ್ತದೆ; ಅವಳೇ ಸಾಕಿದ ಮೊದಲ ಹೆಂಡತಿಯ ಮಕ್ಕಳಿಗೆ ಅದರಲ್ಲಿ ಪಾಲಿಲ್ಲ. ಮಲತಾಯಿಯ ಆಸ್ತಿಗೆ ಮಲಮಗ 'ಮಗ'ನೆಂಬ ನೆಲೆಯಲ್ಲಿ ವಾರಸುದಾರನಲ್ಲ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ.

ಮೊದಲ ಹೆಂಡತಿ ಬದುಕಿದ್ದು, ವಿಚ್ಛೇದನವೂ ಆಗದೆ ನಡೆದ ಎರಡನೆಯ ಮದುವೆಯ ಸಂಗತಿ ಇನ್ನೂ ಕಠಿಣ. ಆ ಮದುವೆಯೇ ಅಸಿಂಧು, ಆ ಹೆಂಗಸು ವಿಧವೆಯ ಪಾಲು ಕೇಳುವಂತಿಲ್ಲ. ಮಕ್ಕಳ ಪ್ರಶ್ನೆ ಇತ್ಯರ್ಥವಾದದ್ದು ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಮೊಕದ್ದಮೆಯಲ್ಲಿ. ಮೊದಲ ಹೆಂಡತಿ ಮತ್ತು ಅವಳ ಮಕ್ಕಳು ಪಾಲಿಗಾಗಿ ದಾವೆ ಹೂಡಿ, ಎರಡನೆಯವಳ ಮಕ್ಕಳಿಗೆ ಹಕ್ಕಿಲ್ಲವೆಂದು ವಾದಿಸಿದ್ದರು. 2011ರಲ್ಲಿ ದೊಡ್ಡ ಪೀಠಕ್ಕೆ ಹೋದ ಪ್ರಶ್ನೆಗೆ 2023ರ ಸೆಪ್ಟೆಂಬರ್ 1ರಂದು ಉತ್ತರ ಬಂತು: ಪಿತ್ರಾರ್ಜಿತದಲ್ಲಿ ತಂದೆಗೆ ಬರಬೇಕಾದ ಪಾಲಿನಲ್ಲಿ ಈ ಮಕ್ಕಳಿಗೂ ಹಕ್ಕುಂಟು, ಅದರಾಚೆಗಿಲ್ಲ. ತಪ್ಪು ಮಾಡದ ಮಕ್ಕಳು ಇಷ್ಟಕ್ಕಾಗಿ ಹನ್ನೆರಡು ವರ್ಷ ಕಾಯಬೇಕಾಯಿತು.

ಇದಕ್ಕೆಲ್ಲ ಇರುವ ಸುಲಭದ ದಾರಿ ಉಯಿಲು. ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳು ಇದ್ದರೆ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ಮುಂದಿನ ತಕರಾರು ತಗ್ಗುತ್ತದೆ. ಬರೆಯುವವರಿಗಿಂತ ಚಿಕ್ಕ ವಯಸ್ಸಿನ ಸಾಕ್ಷಿಗಳಿದ್ದರೆ ಒಳ್ಳೆಯದು, ಕೋರ್ಟಿನಲ್ಲಿ ಒಬ್ಬರಾದರೂ ಬಂದು ನುಡಿಯಬೇಕಲ್ಲ. ಸ್ವಯಾರ್ಜಿತವನ್ನು ಇಷ್ಟಬಂದವರಿಗೆ ಬರೆಯಬಹುದು. ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನು ಮಾತ್ರ. ಹೆಂಡತಿಗೆ ಜೀವಮಾನದ ಅನುಭೋಗ, ಆಮೇಲೆ ಮೊದಲ ಹೆಂಡತಿಯ ಮಕ್ಕಳಿಗೆ ಎಂದು ಬರೆಸುವವರು ಎಚ್ಚರದಿಂದಿರಬೇಕು. ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟ ಆಸ್ತಿ ಅವಳ ಪೂರ್ಣ ಸ್ವತ್ತಾಗುತ್ತದೆ ಎಂದು ಸುಪ್ರೀಂ ಕೋರ್ಟಿನ 1977ರ ತುಳಸಮ್ಮ ತೀರ್ಪು ಹೇಳುತ್ತದೆ. ಮಕ್ಕಳು ಅಪ್ರಾಪ್ತರಾಗಿದ್ದರೆ ಇನ್ನೊಂದು ಸಾಲು ಬೇಕು: ಮಲತಾಯಿ ಸಹಜ ಪೋಷಕಳಲ್ಲ, ಹೆತ್ತ ತಾಯಿಯಿಲ್ಲದ ಮಕ್ಕಳಿಗೆ ತಂದೆ ಉಯಿಲಿನಲ್ಲೇ ಅವಳನ್ನು ಪೋಷಕಳೆಂದು ನೇಮಿಸಬಹುದು.

ಶಿರಾದ ಮುಸ್ಲಿಂ ಕುಟುಂಬಗಳಿಗೆ ನಿಯಮ ಬೇರೆ. ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೆಯ ಒಂದು ಭಾಗಕ್ಕಷ್ಟೇ ವಸಿಯತ್ (ಉಯಿಲು) ನಡೆಯುತ್ತದೆ. ಮಲಮಕ್ಕಳು ವಾರಸುದಾರರಲ್ಲದ ಕಾರಣ ಆ ಭಾಗವನ್ನು ಅವರಿಗೆ ಬರೆಯಲು ಅಡ್ಡಿಯಿಲ್ಲ.

ಪಾವಗಡದಲ್ಲಿ ಸೋಲಾರ್ ಪಾರ್ಕ್ ಜಮೀನು ಹಂಚುವ ಲೆಕ್ಕವನ್ನೇ ಬದಲಿಸಿದೆ. ತಿರುಮಣಿ, ವಳ್ಳೂರು ಸುತ್ತಿನ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸ್ಥಾವರ ನಿಂತಿದೆ. ರೈತರಿಂದ ಜಮೀನು ಕೊಂಡಿಲ್ಲ, ಗುತ್ತಿಗೆಗೆ ಪಡೆಯಲಾಗಿದೆ: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಹೆಚ್ಚಳ, ಅವಧಿ 28 ವರ್ಷ. ಐವತ್ತೈದರಲ್ಲಿ ಸಹಿ ಹಾಕಿದವರಿಗೆ ಗುತ್ತಿಗೆ ಮುಗಿಯುವಾಗ ಎಂಬತ್ತಮೂರು. ಹೊಲಕ್ಕೆ ಬದು ಹಾಕಿ ಬೇರೆಯಾಗಲು ಬರುವುದಿಲ್ಲ, ಹಂಚಿಕೊಳ್ಳಬೇಕಾದದ್ದು ಬಾಡಿಗೆ. ಮೂಲ ದರದಲ್ಲಿ 5 ಎಕರೆಗೆ ಬರುವ 1,05,000 ರೂಪಾಯಿ ಐವರು ವಾರಸುದಾರರಲ್ಲಿ ತಲೆಗೆ 21,000 ಆಗುತ್ತದೆ. ಆಂಧ್ರದ ಮಡಕಶಿರಾ, ಹಿಂದೂಪುರದ ಕಡೆಯೂ ಜಮೀನಿರುವ ಮನೆಗಳಿಗೆ ಒಂದೇ ಉಯಿಲು ಸಾಕು, ಖಾತೆ ಬದಲಾವಣೆಗೆ ಮಾತ್ರ ಎರಡೂ ರಾಜ್ಯಗಳಲ್ಲಿ ಅರ್ಜಿ ಹಾಕಬೇಕು.

ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಗೆ ಕೊಡುವ ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ ಎಲ್ಲ ಮಕ್ಕಳ ಹೆಸರು ಇರಲೇಬೇಕು. ತಹಶೀಲ್ದಾರರ ಖಾತೆ ಆದೇಶ ಒಪ್ಪಿಗೆಯಾಗದವರು ಮಧುಗಿರಿಯ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಹಕ್ಕಿನ ವ್ಯಾಜ್ಯ ಸಿವಿಲ್ ಕೋರ್ಟಿನದು. ಬದುಕಿರುವಾಗಲೇ ದಾನಪತ್ರ ಮಾಡಿಕೊಡುವ ಹಿರಿಯರಿಗೂ ಉಪವಿಭಾಗಾಧಿಕಾರಿಯ ಕಚೇರಿಯೇ ಆಸರೆ. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿ ಬರೆಸಿದ್ದು, ಪಡೆದವರು ಅದನ್ನು ಮುರಿದರೆ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಆ ದಾನವನ್ನು ರದ್ದುಮಾಡಬಹುದು.